ಒಂದೇ ಏರುಗಾಳಿಗೆ ಹತ್ತು ರೆಕ್ಕೆ

ಆಷಾಢ ಹಿಡಿಯಿತೆಂದರೆ ಚಿತ್ರದುರ್ಗದ ಸುತ್ತ ಗಾಳಿಗೆ ಬಿಡುವಿಲ್ಲ. ಮುಂಗಾರು ತನ್ನ ನೀರಿನ ಬಹುಪಾಲನ್ನು ಮಲೆನಾಡಿಗೆ ಸುರಿದು ಬಂದಿರುತ್ತದೆ. ಇಲ್ಲಿಗೆ ಮುಟ್ಟುವಾಗ ಉಳಿದಿರುವುದು ರಭಸ. ಪಡುವಣದಿಂದಲೋ ನೈಋತ್ಯದಿಂದಲೋ ಬರುವ ಆ ಗಾಳಿಗೆ ಎದೆಗೊಟ್ಟು ನಿಂತಿರುವುದು ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ಹಬ್ಬಿರುವ ಚಿತ್ರದುರ್ಗ ಶಿಲಾಪಟ್ಟಿಯ ಗುಡ್ಡಸಾಲು. ಸಾಲು ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಮಲಗಿದೆ, ಗಾಳಿ ಅದಕ್ಕೆ ಅಡ್ಡಲಾಗಿ ಬೀಸುತ್ತದೆ. ಜೋಗಿಮಟ್ಟಿಯ ಆಸುಪಾಸಿನ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಇದಕ್ಕೇ. ಹದ್ದುಗಳು ಅಲ್ಲಿ ತೇಲುವುದೂ ಇದಕ್ಕೇ. ರೆಕ್ಕೆ ಬಡಿಯದೆ, ನೆತ್ತಿಗಿಂತ ತುಸು ಮುಂದೆ, ಗುಡ್ಡದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಅವು ಹೋಗಿಬರುತ್ತಿರುತ್ತವೆ.

ಎಂಜಿನ್ ಇಲ್ಲದ ವಿಮಾನವಾದ ಗ್ಲೈಡರ್, ಬಟ್ಟೆಯ ರೆಕ್ಕೆಗೆ ದಾರಗಳಿಂದ ತೂಗಿಕೊಂಡು ಹಾರುವ ಪ್ಯಾರಾಗ್ಲೈಡರ್ ಮಾಡುವುದೂ ಅದನ್ನೇ. ಬೀಸಿ ಬಂದ ಗಾಳಿ ಇಳಿಜಾರಿಗೆ ತಾಗಿ ಮೇಲಕ್ಕೆ ತಿರುಗುತ್ತದೆ. ಆ ಏರುಗಾಳಿಯಲ್ಲಿ ಇರುವಷ್ಟು ಹೊತ್ತು ಕೆಳಗಿಳಿಯುವ ಮಾತಿಲ್ಲ. ಇದಕ್ಕೆ ರಿಡ್ಜ್ ಸೋರಿಂಗ್ ಎನ್ನುತ್ತಾರೆ. 1911ರ ಅಕ್ಟೋಬರ್ 24ರಂದು ಆರ್ವಿಲ್ ರೈಟ್ ಅಮೆರಿಕದ ಕಿಲ್ ಡೆವಿಲ್ ಹಿಲ್ಸ್‌ನ ಮರಳುದಿಬ್ಬದ ಎದುರು ಹೀಗೆ 9 ನಿಮಿಷ 45 ಸೆಕೆಂಡ್ ಗಾಳಿಯಲ್ಲಿ ಉಳಿದರು. 1922ರ ಆಗಸ್ಟ್‌ನಲ್ಲಿ ಜರ್ಮನಿಯ ವಾಸರ್‌ಕುಪೆ ಗುಡ್ಡದಲ್ಲಿ ವ್ಯಾಂಪೈರ್ ಎಂಬ ಗ್ಲೈಡರ್ ಒಂದು ಗಂಟೆಯನ್ನು ದಾಟಿತು, ಕೆಲವೇ ದಿನಗಳಲ್ಲಿ ಮೂರು ಗಂಟೆಯನ್ನೂ ಮುಟ್ಟಿತು. ಆಗ ಗುಡ್ಡಕ್ಕೆ ರೆಕ್ಕೆಗಳು ವಿರಳ. ಈಗ ಒಳ್ಳೆಯ ಗಾಳಿಯ ಭಾನುವಾರ ಹೆಸರುವಾಸಿ ಗುಡ್ಡವೊಂದರ ಎದುರು ಹತ್ತಾರು ರೆಕ್ಕೆಗಳು ಒಟ್ಟಿಗೆ ಇರುತ್ತವೆ. 2024ರ ಅಕ್ಟೋಬರ್ ಕೊನೆಯಲ್ಲಿ ಹಿಮಾಚಲದ ಬೀರ್ ಬಿಲ್ಲಿಂಗ್‌ನಲ್ಲಿ ಬೆಲ್ಜಿಯಂನ ಪೈಲಟ್ ಒಬ್ಬರು ಆಕಾಶದಲ್ಲೇ ಇನ್ನೊಂದು ಪ್ಯಾರಾಗ್ಲೈಡರ್‌ಗೆ ಡಿಕ್ಕಿಯಾಗಿ ತೀರಿಕೊಂಡರು. ಅಷ್ಟು ದೊಡ್ಡ ಆಕಾಶದಲ್ಲಿ ಇಬ್ಬರು ಒಂದೇ ಜಾಗಕ್ಕೆ ಹೇಗೆ ಬರುತ್ತಾರೆ ಎಂದು ಸುದ್ದಿ ಓದಿದವರು ಕೇಳುತ್ತಾರೆ. ಈ ಬರಹ ಆ ಪ್ರಶ್ನೆಗೆ. ದಾವಣಗೆರೆ, ಚಿತ್ರದುರ್ಗದಿಂದ ಇದೇ 48ನೇ ಹೆದ್ದಾರಿ ಹಿಡಿದು ಪುಣೆ ದಾಟಿ ಕಾಮ್‌ಶೆಟ್‌ಗೆ ಪ್ಯಾರಾಗ್ಲೈಡಿಂಗ್ ಕಲಿಯಲು ಹೊರಡುವವರು ಓದಲಿ ಎಂಬುದು ಆಸೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಗುಡ್ಡದ ಎದುರು ಹಾರುವವರಿಗೆ ಆಕಾಶ ದೊಡ್ಡದಲ್ಲ. ಸುಮಾರು 150 ಮೀಟರ್ ಎತ್ತರದ ಗುಡ್ಡವಾದರೆ, ಕೆಲಸಕ್ಕೆ ಬರುವ ಏರುಗಾಳಿಯ ಪಟ್ಟಿ ನೆತ್ತಿಯಿಂದ ಗಾಳಿ ಬರುವ ಕಡೆಗೆ ನೂರು, ನೂರೈವತ್ತು ಮೀಟರ್ ಅಗಲ ಇದ್ದರೆ ಹೆಚ್ಚು. ಆಚೆ ಹೋದರೆ ಎತ್ತುವ ಬಲ ಇಲ್ಲ, ನೆತ್ತಿಯ ಹಿಂದಕ್ಕೆ ಜಾರಿದರೆ ಮಗುಚುವ ಸುಳಿಗಾಳಿ. ಉದ್ದ ಗುಡ್ಡದಷ್ಟು. ಇನ್ನು ಎತ್ತರ ಉಳಿಯಿತು, ಅದರಲ್ಲಾದರೂ ಒಬ್ಬರ ಮೇಲೊಬ್ಬರು ಹಂಚಿಕೊಂಡು ಹಾರಬಹುದಲ್ಲ ಎನ್ನಿಸುತ್ತದೆ. ಗುಡ್ಡ ಅದಕ್ಕೂ ಬಿಡುವುದಿಲ್ಲ.

ಕಾರಣ ಹೀಗೆ. ಏರುಗಾಳಿ ಎಲ್ಲ ಎತ್ತರದಲ್ಲೂ ಒಂದೇ ಬಲದಲ್ಲಿ ಇರುವುದಿಲ್ಲ. ಇಳಿಜಾರಿನ ಮೇಲ್ಭಾಗದ ಎದುರು ಸೆಕೆಂಡಿಗೆ ಎರಡು ಮೂರು ಮೀಟರ್ ಏರುತ್ತಿದ್ದ ಗಾಳಿ ಮೇಲೆ ಹೋದಷ್ಟೂ ಸೊರಗುತ್ತದೆ. ಪ್ಯಾರಾಗ್ಲೈಡರ್ ತಾನಾಗಿ ಸೆಕೆಂಡಿಗೆ ಒಂದು ಮೀಟರ್‌ಗಿಂತ ತುಸು ಹೆಚ್ಚು ಇಳಿಯುತ್ತಿರುತ್ತದೆ. ಏರುವ ಗಾಳಿಯೂ ಇಳಿಯುವ ರೆಕ್ಕೆಯೂ ಸರಿಸಮವಾದ ಎತ್ತರದಲ್ಲಿ ಅದು ನಿಲ್ಲುತ್ತದೆ, ಅದಕ್ಕಿಂತ ಮೇಲೇಳುವುದಿಲ್ಲ. ಪಕ್ಕದವರ ರೆಕ್ಕೆಯೂ ಅದೇ ಜಾತಿಯದು, ಹಾಗಾಗಿ ಅವರೂ ಅದೇ ಎತ್ತರಕ್ಕೆ ಬಂದು ನಿಲ್ಲುತ್ತಾರೆ. ಸೆಕೆಂಡಿಗೆ 0.6 ಮೀಟರ್ ಮಾತ್ರ ಇಳಿಯುವ 15 ಮೀಟರ್ ರೆಕ್ಕೆಯ ಗ್ಲೈಡರ್‌ಗಳು ಇನ್ನೊಂದು ಎತ್ತರದಲ್ಲಿ ಗುಂಪಾಗುತ್ತವೆ. ಯಾರೂ ಯಾರನ್ನೂ ಹುಡುಕಿಕೊಂಡು ಹೋಗಬೇಕಿಲ್ಲ, ಗಾಳಿಯೇ ಒಂದೇ ಬಗೆಯ ರೆಕ್ಕೆಗಳನ್ನು ಒಂದೇ ಮಟ್ಟಕ್ಕೆ ತಂದು ಕೂರಿಸುತ್ತದೆ. ಅವರೆಲ್ಲ ಅದೇ ಗೆರೆಯ ಮೇಲೆ ಎದುರುಬದುರಾಗಿ ಓಡಾಡುತ್ತಾರೆ. ಡಿಕ್ಕಿಗೆ ಬೇಕಾದ ಸಿದ್ಧತೆಯನ್ನೆಲ್ಲ ಗುಡ್ಡ ಮಾಡಿಟ್ಟಿರುತ್ತದೆ, ತಪ್ಪಿಸುವ ಕೆಲಸ ಮಾತ್ರ ಪೈಲಟ್‌ಗಳದ್ದು.

ಅಪಾಯ ಹೆಚ್ಚುವುದು ಗಾಳಿ ಜೋರಾದಾಗ ಎಂದು ಹೊಸಬರು ತಿಳಿಯುತ್ತಾರೆ. ಡಿಕ್ಕಿಯ ಮಟ್ಟಿಗೆ ಅದು ತಿರುವುಮುರುವು. ಗಾಳಿ ಇಳಿಯತೊಡಗಿದಾಗ ಏರುಗಾಳಿಯ ಪಟ್ಟಿ ತಗ್ಗುತ್ತದೆ, ಕಿರಿದಾಗುತ್ತದೆ. ಮೂರು ನಾಲ್ಕು ಮಟ್ಟದಲ್ಲಿ ಹರಡಿದ್ದವರೆಲ್ಲ ನೆತ್ತಿಯ ಮಟ್ಟಕ್ಕೆ ಇಳಿದು, ಇಳಿಜಾರಿಗೆ ಒತ್ತಿಕೊಂಡು, ಇನ್ನೆರಡು ಸುತ್ತು ಸಿಕ್ಕೀತೇ ಎಂದು ನೋಡುತ್ತಾರೆ. ಎಲ್ಲರ ಕಣ್ಣು ಗುಡ್ಡದ ಮೇಲೆ, ಗಮನ ಏರಿಳಿತ ಹೇಳುವ ವೇರಿಯೋಮೀಟರ್‌ನ ಸದ್ದಿನ ಮೇಲೆ. ಸಂಜೆಯ ಆ ಇಪ್ಪತ್ತು ನಿಮಿಷಕ್ಕೆ ನನ್ನ ಸಲಹೆ ಒಂದೇ: ಎತ್ತರ ಇರುವಾಗಲೇ ಸಾಲು ಬಿಟ್ಟು ಹೊರಬಂದು ಇಳಿಯಿರಿ.

ಈಗ ದಾರಿಯ ನಿಯಮ. ಅಂತರರಾಷ್ಟ್ರೀಯ ವಾಯುನಿಯಮದಲ್ಲಿ ಎರಡು ವಿಮಾನ ಮುಖಾಮುಖಿಯಾದರೆ ಎರಡೂ ತಮ್ಮ ಬಲಕ್ಕೆ ತಿರುಗಬೇಕು. ಗುಡ್ಡದ ಎದುರು ಇದನ್ನು ಅಕ್ಷರಶಃ ಪಾಲಿಸಲಾಗದು. ಜೋಗಿಮಟ್ಟಿಯಂಥ ಸಾಲಿನ ಪಡುವಣ ಮುಖವನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ. ಉತ್ತರಕ್ಕೆ ಹೋಗುತ್ತಿರುವವರ ಬಲಗಡೆ ಗುಡ್ಡ, ಅವರು ಬಲಕ್ಕೆ ತಿರುಗಿದರೆ ಬಂಡೆಗೆ ಹೋಗಿ ಹೊಡೆಯುತ್ತಾರೆ. ದಕ್ಷಿಣಕ್ಕೆ ಹೋಗುತ್ತಿರುವವರ ಎಡಗಡೆ ಗುಡ್ಡ, ಬಲಗಡೆ ಬಯಲು. ಆದ್ದರಿಂದ ದಕ್ಷಿಣಕ್ಕೆ ಹೋಗುವವರು ಬಲಕ್ಕೆ, ಅಂದರೆ ಬಯಲಿನ ಕಡೆಗೆ ಸರಿದು ದಾರಿ ಬಿಡಬೇಕು; ಉತ್ತರಕ್ಕೆ ಹೋಗುವವರು ಗುಡ್ಡಕ್ಕೆ ಹತ್ತಿರವಾಗಿ ತಮ್ಮ ನೇರಕ್ಕೆ ಸಾಗಬೇಕು. ಬಲಗಡೆ ಗುಡ್ಡ ಇದ್ದವರಿಗೆ ದಾರಿ, ಎಡಗಡೆ ಗುಡ್ಡ ಇದ್ದವರು ಸರಿಯಬೇಕು. ಕೆರೆ ಏರಿಯ ಮೇಲೆ ಎರಡು ಗಾಡಿ ಎದುರಾದಾಗ ನೀರಿನ ಅಂಚಿನಲ್ಲಿರುವ ಗಾಡಿಯನ್ನು ಯಾರೂ ಇನ್ನಷ್ಟು ಅಂಚಿಗೆ ಒತ್ತುವುದಿಲ್ಲ, ಹೊಲದ ಕಡೆಯವನೇ ಕೆಳಗಿಳಿಸುತ್ತಾನೆ. ಇದೂ ಹಾಗೆಯೇ. ಈ ನಿಯಮವನ್ನು ಎಲ್ಲರೂ ಪಾಲಿಸಿದರೆ ಆಕಾಶದಲ್ಲಿ ತಾನಾಗಿ ಎರಡು ಸಾಲು ಆಗುತ್ತವೆ: ಉತ್ತರಕ್ಕೆ ಹೋಗುವವರದು ಒಳಸಾಲು, ದಕ್ಷಿಣಕ್ಕೆ ಹೋಗುವವರದು ಹೊರಸಾಲು.

ಇಲ್ಲಿ ನಮ್ಮವರಿಗೆ ವಿಶೇಷವಾದ ಒಂದು ಅಡಚಣೆ ಇದೆ. ನಾವು ಹುಟ್ಟಿದಾಗಿನಿಂದ ರಸ್ತೆಯಲ್ಲಿ ಎಡಕ್ಕೆ ಸರಿಯುವ ಜನ. ಬೈಕಿನ ಮೇಲೆ ಎದುರು ಲಾರಿ ನುಗ್ಗಿದರೆ ಕೈ ಯೋಚಿಸದೆ ಎಡಕ್ಕೆ ಎಳೆಯುತ್ತದೆ. ಗಾಳಿಯಲ್ಲಿ ಸರಿಯಬೇಕಾದ್ದು ಬಲಕ್ಕೆ. ಗೊತ್ತಿರುವುದು ಬೇರೆ, ಗಾಬರಿಯಲ್ಲಿ ಕೈ ಮಾಡುವುದು ಬೇರೆ. ಹಾಗಾಗಿ ಕಾಲೂರಿ ನಿಂತಿರುವಾಗಲೇ, ರೆಕ್ಕೆಯನ್ನು ತಿರುಗಿಸುವ ಬ್ರೇಕ್ ಹಿಡಿಗಳನ್ನು ಕೈಯಲ್ಲಿ ಹಿಡಿದಂತೆ ಕಲ್ಪಿಸಿಕೊಂಡು, ‘ಎದುರು ಬಂದರು, ಗುಡ್ಡ ಎಡಕ್ಕೆ, ಬಲಕ್ಕೆ ನೋಡು, ಬಲಗೈ ಎಳೆ’ ಎಂದು ಬಾಯಿಬಿಟ್ಟು ಹೇಳಿಕೊಂಡು ಅಭ್ಯಾಸ ಮಾಡಬೇಕು. ನೋಡುವವರು ನಕ್ಕರೆ ನಗಲಿ.

ದಾರಿಯ ಹಕ್ಕಿನ ಬಗ್ಗೆ ಇನ್ನೊಂದು ಮಾತು. ಹಕ್ಕು ನಿಮ್ಮದೇ ಆದರೂ ಎದುರಿನವರು ನಿಮ್ಮನ್ನು ನೋಡಿದ್ದಾರೆ ಎಂಬುದಕ್ಕೆ ಅದು ಪುರಾವೆ ಅಲ್ಲ. ಅವರು ಸರಿಯುವ ಲಕ್ಷಣ ಕಾಣದಿದ್ದರೆ ಒಳಸಾಲಿನವರಿಗೆ ಉಳಿಯುವುದು ಎರಡೇ ದಾರಿ: ವೇಗ ಇದ್ದರೆ ಎತ್ತರ ಬದಲಿಸುವುದು, ಅಥವಾ ಜಾಗ ಇರುವಾಗಲೇ ಬಯಲಿನ ಕಡೆಗೆ ತಿರುಗಿ ವಾಪಸ್ ಹೋಗುವುದು. ಎರಡಕ್ಕೂ ಮುಂಚೆಯೇ ತೀರ್ಮಾನ ಬೇಕು. ಗುಡ್ಡದ ಹತ್ತಿರ ಕನಿಷ್ಠ ವೇಗದಲ್ಲಿ ತೇಲುತ್ತಾ ಎತ್ತರ ಉಳಿಸಿಕೊಳ್ಳುವವರಿಗೆ ಈ ಎರಡೂ ಇಲ್ಲ. ಸ್ಟಾಲ್‌ನ, ಅಂದರೆ ವೇಗ ಸಾಲದೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿಯ, ಅಂಚಿನಲ್ಲಿರುವ ರೆಕ್ಕೆಯನ್ನು ಥಟ್ಟನೆ ತಿರುಗಿಸಿದರೆ ಅದು ತಿರುಗುವ ಬದಲು ಗಿರಕಿ ಹೊಡೆಯುತ್ತದೆ. ಇಳಿಜಾರಿನ ಹತ್ತಿರ ವೇಗ ಸ್ವಲ್ಪ ಹೆಚ್ಚಿರಲಿ ಎಂದು ಗುರುಗಳು ಹೇಳುವುದು ಸುಳಿಗಾಳಿಗೆ ಮಾತ್ರವಲ್ಲ, ಇದಕ್ಕೂ ಸೇರಿ.

ಹಿಂದಿನಿಂದ ಬಂದು ದಾಟುವ ವಿಷಯದಲ್ಲಿ ದೇಶ ದೇಶಕ್ಕೆ ಪದ್ಧತಿ ಬೇರೆ. ಅಮೆರಿಕದಲ್ಲಿ ಗುಡ್ಡಕ್ಕೂ ಮುಂದಿನ ಗ್ಲೈಡರ್‌ಗೂ ನಡುವೆ ನುಸುಳಿ ದಾಟುವುದು ರೂಢಿ. ಮುಂದಿನವರು ಯಾವಾಗ ತಿರುಗಿದರೂ ಬಯಲಿನ ಕಡೆಗೇ ತಿರುಗುತ್ತಾರೆ, ಹೊರಗಿನಿಂದ ದಾಟಿದರೆ ಸರಿಯಾಗಿ ಅವರ ತಿರುವಿಗೇ ಸಿಕ್ಕಿಬೀಳುತ್ತೀರಿ ಎಂಬುದು ಕಾರಣ. ಯುರೋಪಿನ ನಿಯಮ ಗ್ಲೈಡರ್‌ಗಳಿಗೆ ಎಡ ಬಲ ಎರಡೂ ಕಡೆಯಿಂದ ದಾಟಲು ಬಿಡುತ್ತದೆ. ಹೊಸ ಜಾಗಕ್ಕೆ ಹೋದಾಗ ಇದನ್ನು ಕೇಳಿ ತಿಳಿಯಲೇಬೇಕು. ಕಲಿಯುತ್ತಿರುವವರು ಮಾತ್ರ ದಾಟುವುದೇ ಬೇಡ. ಮುಂದಿನವರು ಹತ್ತಿರವಾದರೆ ಬಯಲಿಗೆ ತಿರುಗಿ ಬಂದ ದಾರಿ ಹಿಡಿಯಿರಿ. ಗುಡ್ಡ ಎಲ್ಲಿಗೂ ಹೋಗುವುದಿಲ್ಲ.

ನಿಯಮ ಓದಿದವರೂ ಎಡವುವ ಜಾಗ ಒಂದಿದೆ, ಪುಸ್ತಕದ ಚಿತ್ರಗಳಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. ಚಿತ್ರದಲ್ಲಿ ಎರಡು ಗ್ಲೈಡರ್‌ಗಳು ಮೂಗಿಗೆ ಮೂಗು ನೇರವಾಗಿ ಎದುರಾಗುತ್ತವೆ. ನಿಜದ ಗುಡ್ಡದಲ್ಲಿ ಗಾಳಿ ಅಡ್ಡಲಾಗಿ ಬೀಸುತ್ತಿರುತ್ತದೆ, ಗುಡ್ಡದ ಉದ್ದಕ್ಕೆ ಸಾಗಬೇಕಾದರೆ ಮೂಗನ್ನು ಗಾಳಿಯ ಕಡೆಗೆ ಓರೆ ಹಿಡಿಯಬೇಕು. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದ ಪ್ಯಾರಾಗ್ಲೈಡರ್, ಸೆಕೆಂಡಿಗೆ 7 ಮೀಟರ್ ಪಡುವಣ ಗಾಳಿ ಎಂದಿಟ್ಟುಕೊಳ್ಳಿ. ಹಿಂದಕ್ಕೆ ಜಾರದೆ ಉತ್ತರಕ್ಕೆ ಹೋಗಲು ಮೂಗು ಸುಮಾರು 45 ಡಿಗ್ರಿ ಎಡಕ್ಕೆ, ವಾಯವ್ಯಕ್ಕೆ ಇರಬೇಕು. ಮೈ ನೋಡುವುದು ವಾಯವ್ಯಕ್ಕೆ, ಸಾಗುವುದು ಉತ್ತರಕ್ಕೆ. ಎದುರಿನಿಂದ ದಕ್ಷಿಣಕ್ಕೆ ಬರುವವರ ಮೂಗು ನೈಋತ್ಯಕ್ಕೆ. ಇಬ್ಬರ ಮುಖವೂ ಬಯಲಿಗೆ, ಇಬ್ಬರೂ ಹತ್ತಿರವಾಗುತ್ತಿರುವುದು ಪಕ್ಕೆಯಿಂದ. ಎದುರಾಳಿ ಕಾಣಿಸಬೇಕಾದ್ದು ಮೂಗಿನ ನೇರಕ್ಕಲ್ಲ, ಒಬ್ಬರಿಗೆ ಬಲಭುಜದ ಮುಂದೆ, ಇನ್ನೊಬ್ಬರಿಗೆ ಎಡಭುಜದ ಮುಂದೆ. ಸಹಜವಾಗಿ ಮೂಗಿನ ನೇರಕ್ಕೆ ನೋಡುತ್ತಾ ಕುಳಿತವರಿಗೆ ಇನ್ನೊಬ್ಬರು ಕಣ್ಣಂಚಿಗಷ್ಟೇ ಬಂದಿರುತ್ತಾರೆ. ಸಾಲದ್ದಕ್ಕೆ, ನೋಡಿದವರೂ ಎದುರಿನ ರೆಕ್ಕೆಯ ಮೂಗು ಬಯಲಿನತ್ತ ಇದೆಯಲ್ಲ, ಅವರು ಹೊರಗೆ ಹೋಗುತ್ತಿದ್ದಾರೆ ಎಂದು ತಪ್ಪಾಗಿ ಓದುತ್ತಾರೆ. ಮೂಗನ್ನು ನಂಬಬೇಡಿ, ಹಿನ್ನೆಲೆಯ ಮರ ಬಂಡೆಗಳ ಮುಂದೆ ಆ ರೆಕ್ಕೆ ಯಾವ ಕಡೆಗೆ ಜಾರುತ್ತಿದೆ ಎಂಬುದನ್ನು ನೋಡಿ. ಗಂಟೆಗೆ 90 ಕಿಲೋಮೀಟರ್ ವೇಗದ ದೊಡ್ಡ ಗ್ಲೈಡರ್‌ನಲ್ಲಿ ಈ ಓರೆ ಕಡಿಮೆ, ಸೆಕೆಂಡಿಗೆ 10 ಮೀಟರ್ ಗಾಳಿಗೂ 24 ಡಿಗ್ರಿಯಷ್ಟೇ. ಆದರೆ ಅಲ್ಲಿ ಸಮಯವೂ ಕಡಿಮೆ.

ಆ ಸಮಯದ ಲೆಕ್ಕ ಹಾಕಿಬಿಡೋಣ. ಕಣ್ಣಿಗೆ ಬಿದ್ದ ವಸ್ತುವಿನಿಂದ ವಿಮಾನ ನಿಜವಾಗಿ ದಾರಿ ಬದಲಿಸುವವರೆಗೆ ಬೇಕಾಗುವ ಹೊತ್ತನ್ನು ಅಮೆರಿಕದ ವಾಯುಯಾನ ಇಲಾಖೆ ಎಫ್‌ಎಎ 12.5 ಸೆಕೆಂಡ್ ಎಂದು ಬಿಡಿಸಿ ಹೇಳುತ್ತದೆ. ನೋಡಲು 0.1 ಸೆಕೆಂಡ್, ಅದು ವಿಮಾನ ಎಂದು ಗುರುತಿಸಲು 1, ಡಿಕ್ಕಿಯ ದಾರಿಯಲ್ಲಿದೆ ಎಂದು ಮನಗಾಣಲು 5, ಯಾವ ಕಡೆ ತಿರುಗಬೇಕೆಂದು ತೀರ್ಮಾನಿಸಲು 4, ಕೈಕಾಲು ಆಡಲು 0.4, ವಿಮಾನ ಮಾತು ಕೇಳಲು 2. ತಲಾ 90 ಕಿಲೋಮೀಟರ್ ವೇಗದ ಎರಡು ಗ್ಲೈಡರ್ ಎದುರುಬದುರಾದರೆ ಸೆಕೆಂಡಿಗೆ 50 ಮೀಟರ್ ಹತ್ತಿರವಾಗುತ್ತವೆ. ಹನ್ನೆರಡೂವರೆ ಸೆಕೆಂಡಿಗೆ 625 ಮೀಟರ್. ಅಷ್ಟು ದೂರದಲ್ಲಿ ಎದುರಿನ ಗ್ಲೈಡರ್‌ನ 60 ಸೆಂಟಿಮೀಟರ್ ಅಗಲದ ಒಡಲು, ಚಾಚಿದ ಕೈಯ ತುದಿಯಲ್ಲಿ ಅರ್ಧ ಮಿಲಿಮೀಟರ್‌ಗಿಂತ ತುಸು ದೊಡ್ಡದಾಗಿ ಕಾಣುತ್ತದೆ. ರೆಕ್ಕೆ ಉದ್ದವಿದ್ದರೂ ಎದುರಿನಿಂದ ಅದೊಂದು ಕೂದಲೆಳೆ. ಆರು ಸೆಕೆಂಡ್ ಉಳಿದಾಗ ಆ ಚುಕ್ಕೆ 1.2 ಮಿಲಿಮೀಟರ್. ಮೂರು ಸೆಕೆಂಡ್ ಉಳಿದಾಗ 2.4. ಒಂದೇ ಸೆಕೆಂಡ್ ಉಳಿದಾಗ 7 ಮಿಲಿಮೀಟರ್ ದಾಟಿ, ಮರುಕ್ಷಣ ಪೈಲಟ್‌ನ ತಲೆಯ ಮೇಲಿನ ಗಾಜಿನ ಮುಚ್ಚಳವಾದ ಕ್ಯಾನಪಿಯ ತುಂಬ ಅದೇ. ಬಹಳ ಹೊತ್ತು ಬೆಳೆಯದೆ ಇದ್ದು ಕೊನೆಯಲ್ಲಿ ಒಮ್ಮೆಲೇ ಅರಳುವುದು ಅದರ ಸ್ವಭಾವ. ‘ಎಲ್ಲಿಂದ ಬಂತೋ ಗೊತ್ತಾಗಲಿಲ್ಲ’ ಎಂದು ಬದುಕಿ ಬಂದವರು ಹೇಳುವುದು ಸುಳ್ಳಲ್ಲ.

ಮೇಲಾಗಿ ಆ ಚುಕ್ಕೆ ಅಲುಗುವುದಿಲ್ಲ. ಇಬ್ಬರೂ ನೇರ ಸಾಗುತ್ತಾ ಡಿಕ್ಕಿಯ ದಾರಿಯಲ್ಲಿದ್ದರೆ ಎದುರಿನ ಗ್ಲೈಡರ್ ಕ್ಯಾನಪಿಯ ಗಾಜಿನ ಒಂದೇ ಜಾಗಕ್ಕೆ ಅಂಟಿಕೊಂಡಂತೆ ನಿಂತಿರುತ್ತದೆ. ನಮ್ಮ ಕಣ್ಣಂಚು ಹಿಡಿಯುವುದು ಚಲನೆಯನ್ನು. ಅಲುಗುವ ಗ್ಲೈಡರ್ ಥಟ್ಟನೆ ಕಾಣುತ್ತದೆ, ಆದರೆ ಅದು ಹೊಡೆಯುವುದಿಲ್ಲ. ಹೊಡೆಯುವುದು ಅಲುಗದ್ದು, ಅದೇ ಕಾಣದ್ದು. ಗಾಜಿನ ಮೇಲೆ ನೊಣದ ಗುರುತೋ ಗೀರೋ ಇದ್ದರೆ ಅದರ ಹಿಂದೆ ಪೂರ್ತಿ ಅಡಗಿ ಕೂರಬಲ್ಲದು. ಹಾರುವ ಮುಂಚೆ ಗಾಜು ಒರೆಸುವುದನ್ನು ಸಣ್ಣ ಕೆಲಸ ಎಂದುಕೊಳ್ಳಬಾರದು. ಇಬ್ಬರಲ್ಲಿ ಒಬ್ಬರು ತಿರುವಿನಲ್ಲಿದ್ದರೆ ಈ ಲೆಕ್ಕವೂ ಕೈಕೊಡುತ್ತದೆ ಎಂಬುದು ನೆನಪಿರಲಿ. ಆಗ ಗಾಜಿನ ಮೇಲೆ ಜರುಗುತ್ತಿದ್ದ ರೆಕ್ಕೆಯೂ ಬಂದು ತಾಗಬಹುದು.

ಹಾಗಾದರೆ ನೋಡುವುದು ಹೇಗೆ? ತಲೆಯನ್ನು ಸುಮ್ಮನೆ ಅತ್ತಿಂದಿತ್ತ ಆಡಿಸಿದರೆ ನೋಡಿದಂತಲ್ಲ. ಕಣ್ಣು ಸ್ಪಷ್ಟವಾಗಿ ಕಾಣುವುದು ನಡುವಿನ ಒಂದೆರಡು ಡಿಗ್ರಿಯಲ್ಲಿ ಮಾತ್ರ, ಅದೂ ನಿಂತಾಗ. ಸುಮಾರು 10 ಡಿಗ್ರಿಗೆ ಒಂದರಂತೆ ತುಂಡು ಮಾಡಿಕೊಂಡು, ಪ್ರತಿ ತುಂಡಿನಲ್ಲೂ ಕಣ್ಣನ್ನು ಕನಿಷ್ಠ ಒಂದು ಸೆಕೆಂಡ್ ನಿಲ್ಲಿಸಿ ಮುಂದಕ್ಕೆ ಹೋಗಬೇಕು. ಖಾಲಿ ಆಕಾಶವನ್ನು ದಿಟ್ಟಿಸಿದರೆ ಕಣ್ಣು ತಾನಾಗಿ ಒಂದೆರಡು ಮೀಟರ್ ದೂರಕ್ಕೆ ಫೋಕಸ್ ಇಳಿಸಿಕೊಂಡು ಬಿಡುತ್ತದೆ, ನೋಡುತ್ತಿದ್ದರೂ ಕಾಣುವುದಿಲ್ಲ. ಆಗಾಗ ದೂರದ ಗುಡ್ಡದ ಅಂಚನ್ನೋ ಮೋಡದ ಅಂಚನ್ನೋ ನೋಡಿ ಕಣ್ಣನ್ನು ದೂರಕ್ಕೆ ಎಳೆದುಕೊಳ್ಳಬೇಕು. ಗುಡ್ಡದಲ್ಲಿ ಹಿನ್ನೆಲೆ ಇನ್ನೊಂದು ತೊಡಕು. ಫೈಬರ್ ಗ್ಲೈಡರ್‌ಗಳಿಗೆ ಬಿಳಿ ಬಣ್ಣವೇ ಬೇಕು, ಬಿಸಿಲಿಗೆ ರಾಳ ಮೆತ್ತಗಾಗದಿರಲಿ ಎಂದು. ಆ ಬಿಳಿ ರೆಕ್ಕೆ ದುರ್ಗದ ಕಡೆ ಕಾಣುವಂಥ ಬಿಳಿಚಿದ ಬಂಡೆಗಳ ಮುಂದೆ, ಇಲ್ಲವೇ ಬೆಳ್ಳಗಿನ ಮೋಡದ ಮುಂದೆ ಕರಗಿಹೋಗುತ್ತದೆ. ನಿಮಗಿಂತ ಕೆಳಗಿರುವವರನ್ನು ಹುಡುಕುವಾಗ ರೆಕ್ಕೆಯನ್ನಲ್ಲ, ಇಳಿಜಾರಿನ ಮೇಲೆ ಓಡುವ ನೆರಳನ್ನು ಹುಡುಕುವುದು ಬಿಸಿಲಿದ್ದಾಗ ಹೆಚ್ಚು ಸುಲಭ.

ಪಡುವಣ ಮುಖದ ಗುಡ್ಡಕ್ಕೆ ಸಂಜೆ ಇನ್ನೊಂದು ಕಷ್ಟ. ತಿರುವೆಲ್ಲ ಗಾಳಿಯ ಕಡೆಗೆ, ಅಂದರೆ ಪಡುವಣಕ್ಕೆ. ಸೂರ್ಯನೂ ಅಲ್ಲೇ. ಜನ ಹೆಚ್ಚಿರುವ ಹೊತ್ತು, ಅತಿ ಹೆಚ್ಚು ನೋಡಬೇಕಾದ ಗಳಿಗೆ, ಕಣ್ಣಿಗೆ ನೇರ ಬಿಸಿಲು. ಟೋಪಿಯ ಅಂಚು, ಬಣ್ಣದ ಕನ್ನಡಕ ಸ್ವಲ್ಪ ನೆರವಾಗುತ್ತವೆ. ಅದಕ್ಕಿಂತ ಒಳ್ಳೆಯದು ತಿರುವಿಗೆ ಮುಂಚೆಯೇ ಸೂರ್ಯನಿಗೆ ಕೈ ಅಡ್ಡ ಹಿಡಿದು ಅದರ ಸುತ್ತಲಿನ ಆಕಾಶವನ್ನು ಎರಡು ಮೂರು ತುಂಡಾಗಿ ನೋಡಿ ಮುಗಿಸುವುದು.

ತಿರುವಿನ ಕ್ರಮ ಹೀಗಿರಲಿ: ಮೊದಲು ತಿರುಗುವ ಕಡೆಯ ಭುಜದ ಹಿಂದೆ, ಕತ್ತು ನೋಯುವಷ್ಟು ತಿರುಗಿ ನೋಡಿ, ಅಲ್ಲಿಂದ ರೆಕ್ಕೆಯ ತುದಿ, ಅಲ್ಲಿಂದ ಮೂಗಿನವರೆಗೆ ತುಂಡು ತುಂಡಾಗಿ ಬನ್ನಿ, ಪ್ಯಾರಾಗ್ಲೈಡರ್ ಆದರೆ ಮೈಯ ಭಾರವನ್ನು ಆ ಕಡೆಗೆ ಒಂದು ಕ್ಷಣ ವಾಲಿಸಿ ಹಿಡಿದು ನಿಲ್ಲಿ. ಆ ವಾಲಿಕೆ ಸುತ್ತಲಿನವರಿಗೆ ನೀವು ಕೊಡುವ ಮುನ್ಸೂಚನೆ. ಆಮೇಲೆ ತಿರುಗಿ. ಬಯಲಿನ ಕಡೆಗೆ ಮಾತ್ರ ತಿರುಗುತ್ತಾ ಹೋದರೆ ದಾರಿ ಉದ್ದನೆಯ ಎಂಟರ ಆಕಾರ ಆಗುತ್ತದೆ. ಪೂರ್ತಿ ಸುತ್ತು ಹೊಡೆಯುವುದು ನೆತ್ತಿಗಿಂತ ಸಾಕಷ್ಟು ಮೇಲೆ, ಸುತ್ತ ಯಾರೂ ಇಲ್ಲದಾಗ ಮಾತ್ರ. ಒಂದು ಸುತ್ತಿಗೆ 15 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 7 ಮೀಟರ್ ಗಾಳಿ ಅಷ್ಟರಲ್ಲಿ ನಿಮ್ಮನ್ನು ನೂರು ಮೀಟರ್ ಗುಡ್ಡದ ಕಡೆಗೆ ತಳ್ಳಿರುತ್ತದೆ. ಗುಡ್ಡದ ಕಥೆ ಹಾಗಿರಲಿ, ಹೋಗಿಬರುವ ಎರಡು ಸಾಲುಗಳ ನಡುವೆ ಒಬ್ಬರು ಗಿರ್ರನೆ ಸುತ್ತತೊಡಗಿದರೆ ಅವರ ಮುಂದಿನ ನಡೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಗುಡ್ಡದ ಹಾರಾಟದಲ್ಲಿ ಎಲ್ಲಕ್ಕಿಂತ ದೊಡ್ಡ ಸೌಜನ್ಯ ಇದೇ: ಹತ್ತು ಸೆಕೆಂಡ್ ಆದ ಮೇಲೆ ನೀವು ಎಲ್ಲಿರುತ್ತೀರಿ ಎಂಬುದು ನಿಮ್ಮನ್ನು ಪರಿಚಯವೇ ಇಲ್ಲದವರಿಗೂ ಊಹಿಸಲು ಬರಬೇಕು. ನಡುವೆ ಥರ್ಮಲ್, ಅಂದರೆ ಬಿಸಿಯಾಗಿ ಮೇಲೇಳುವ ಗಾಳಿ, ಸಿಕ್ಕಿತೆಂದು ಗ್ಲೈಡರ್‌ನ ಮೂಗನ್ನು ಥಟ್ಟನೆ ಮೇಲೆತ್ತುವುದೂ ಇದೇ ತಪ್ಪಿನ ಇನ್ನೊಂದು ರೂಪ. ಮೂಗೆತ್ತಿದವರ ವೇಗ ಕುಸಿಯುತ್ತದೆ, ಹಿಂದೆ ತುಸು ಮೇಲೆ ಬರುತ್ತಿದ್ದವರ ಒಡಲಿನ ಕೆಳಗೆ, ಅವರಿಗೆ ಕಾಣದ ಜಾಗಕ್ಕೆ, ಇವರು ಏರಿ ಹೋಗುತ್ತಾರೆ.

ಕಾಣದ ಜಾಗ ಎಲ್ಲರಿಗೂ ಇದೆ. ಗ್ಲೈಡರ್‌ನಲ್ಲಿ ಮೂಗಿನ ಕೆಳಗೆ ಮತ್ತು ಬೆನ್ನ ಹಿಂದೆ. ಪ್ಯಾರಾಗ್ಲೈಡರ್‌ನಲ್ಲಿ ತಲೆಯ ಮೇಲೆ ಬಟ್ಟೆಯ ರೆಕ್ಕೆಯೇ ಅಡ್ಡ, ಪೈಲಟ್ ಕೂರುವ ಹಾರ್ನೆಸ್ ಕಾಲು ಚಾಚಿ ಮಲಗುವ ಪಾಡ್ ಬಗೆಯದಾದರೆ ಕೆಳಗೂ ಅಡ್ಡ. ಒಬ್ಬರ ನೇರ ಮೇಲೆ ಇನ್ನೊಬ್ಬರು ಬಂದರೆ ಇಬ್ಬರಿಗೂ ಇನ್ನೊಬ್ಬರು ಇರುವುದೇ ಗೊತ್ತಿರುವುದಿಲ್ಲ, ಕೆಳಗಿನವರು ಏರುತ್ತಲೇ ಇರುತ್ತಾರೆ. ಕೆಳಗಿನವರಿಗೆ ಮೇಲೆ ಕಾಣದು ಎಂಬ ಕಾರಣಕ್ಕೇ ಮೇಲಿನವರು ಜಾಗ ಬಿಡಬೇಕು. ಎರಡು ಬಗೆಯ ರೆಕ್ಕೆಗಳು ಒಂದೇ ಗುಡ್ಡದಲ್ಲಿದ್ದರೆ ಇನ್ನೂ ಬಿಗಿಯಾಗುತ್ತದೆ. ಗಂಟೆಗೆ 90ರಲ್ಲಿ ಬರುವ ಗ್ಲೈಡರ್‌ಗೆ 36ರ ಪ್ಯಾರಾಗ್ಲೈಡರ್ ನಿಂತಂತೆಯೇ ಲೆಕ್ಕ. ತಾಗದೆ ಹತ್ತಿರ ಹಾದು ಹೋದರೂ ಅದರ ಹಿಂದಿನ ಸುಳಿ ಬಟ್ಟೆಯ ರೆಕ್ಕೆಯನ್ನು ಮಡಚಿ ಹಾಕಬಹುದು.

ಯಂತ್ರದ ನೆರವೂ ಇದೆ. ಆಲ್ಪ್ಸ್‌ನಲ್ಲಿ ಗ್ಲೈಡರ್‌ಗಳು ಒಂದಕ್ಕೊಂದು ಹೊಡೆದುಕೊಂಡ ಅಪಘಾತಗಳ ನಂತರ 2004ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಫ್ಲಾರ್ಮ್ ಎಂಬ ಪೆಟ್ಟಿಗೆ ಬಂತು. ಜಿಪಿಎಸ್ ಮತ್ತು ಗಾಳಿಯ ಒತ್ತಡದಿಂದ ತನ್ನ ಜಾಗ, ಎತ್ತರ ತಿಳಿದು, ಮುಂದಿನ ಸುಮಾರು 20 ಸೆಕೆಂಡ್‌ಗಳ ದಾರಿಯನ್ನು ಲೆಕ್ಕಹಾಕಿ, ಸಣ್ಣ ರೇಡಿಯೋದಲ್ಲಿ ಸುತ್ತಲಿಗೆ ಬಿತ್ತರಿಸುತ್ತದೆ; ಬೇರೆಯವರ ದಾರಿ ತನ್ನದನ್ನು ಕತ್ತರಿಸುವಂತಿದ್ದರೆ ಕೂಗುತ್ತದೆ. ಬಹಳ ಒಳ್ಳೆಯ ಸಾಧನ, ಆದರೆ ಅದರ ಮಿತಿ ತಿಳಿದಿರಬೇಕು. ಆ ಪೆಟ್ಟಿಗೆ ಇಲ್ಲದವರು ಅದಕ್ಕೆ ಕಾಣುವುದಿಲ್ಲ. ಹದ್ದು, ತಂತಿ, ಕಂಬಗಳನ್ನು ನೋಡಬೇಕಾದ್ದು ನಿಮ್ಮ ಕಣ್ಣೇ. ಕಾರ್ಬನ್ ಒಡಲಿನ ಗ್ಲೈಡರ್‌ನಲ್ಲಿ ಆ್ಯಂಟೆನಾ ತಪ್ಪು ಜಾಗದಲ್ಲಿದ್ದರೆ ಒಂದು ದಿಕ್ಕಿಗೆ ಅದು ಕುರುಡು. ಪ್ಯಾರಾಗ್ಲೈಡರ್‌ಗಳ ವೇರಿಯೋಮೀಟರ್‌ಗಳಲ್ಲಿ ಫ್ಲಾರ್ಮ್ ಇದ್ದರೂ ಹಲವು ಮಾದರಿಗಳಲ್ಲಿ ಅದು ಬಿತ್ತರಿಸುತ್ತದೆ ಅಷ್ಟೆ, ಎಚ್ಚರಿಕೆ ಸಿಗುವುದು ಎದುರಿನ ಗ್ಲೈಡರ್‌ಗೆ. ಇನ್ನು ಕೂಗಿದಾಗ ಎಲ್ಲರೂ ಮಾಡುವ ತಪ್ಪು, ಪರದೆಯನ್ನೇ ನೋಡುತ್ತಾ ಕೂರುವುದು. ದಿಕ್ಕು ತಿಳಿಯಲು ಒಂದು ನೋಟ ಸಾಕು, ಮಿಕ್ಕ ಸಮಯವೆಲ್ಲ ಹೊರಗೆ.

ನಮ್ಮ ಜಿಲ್ಲೆಯ ಗುಡ್ಡಗಳನ್ನು ನೋಡಿ ಇಲ್ಲೇ ಹಾರಬಹುದಲ್ಲ ಎಂದು ಯಾರಾದರೂ ಹುಮ್ಮಸ್ಸಿನಲ್ಲಿ ಹೊರಟರೆ ಎರಡು ಮಾತು. ಮುಂಗಾರಿನ ಗಾಳಿ ಗಾಳಿಯಂತ್ರಕ್ಕೆ ಹಬ್ಬ, ಪ್ಯಾರಾಗ್ಲೈಡರ್‌ಗೆ ಬಹುತೇಕ ದಿನ ಮಿತಿ ಮೀರಿದ್ದು. ಹಿಮಾಚಲದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಹಾರಾಟವನ್ನೇ ನಿಲ್ಲಿಸುತ್ತಾರೆ. ಗಾಳಿಯಂತ್ರಗಳ ಹಿಂದೆ ಬಹುದೂರದವರೆಗೆ ಗಾಳಿ ಕದಡಿರುತ್ತದೆ, ಗಾಳಿ ಅಳೆಯುವ ಕಂಬಗಳ ಬಿಗಿತಂತಿಗಳು ಹತ್ತಿರ ಬರುವತನಕ ಕಾಣುವುದಿಲ್ಲ. ಜೋಗಿಮಟ್ಟಿ ವನ್ಯಜೀವಿಧಾಮ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್‌ನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ, ಅಲ್ಲಿ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ನಡೆಯುತ್ತದೆ. ವಾಯುಪ್ರದೇಶದ ನಕ್ಷೆ ನೋಡದೆ, ಅನುಮತಿ ಪಡೆಯದೆ ಇಲ್ಲಿ ರೆಕ್ಕೆ ಬಿಚ್ಚುವುದು ತಪ್ಪು.

ಎಲ್ಲ ಮಾಡಿಯೂ ತಾಗಿದರೆ? ಗ್ಲೈಡರ್ ಇನ್ನೂ ಮಾತು ಕೇಳುತ್ತಿದ್ದರೆ ಮೆಲ್ಲಗೆ, ಗುಡ್ಡದಿಂದ ದೂರಕ್ಕೆ, ಹೆಚ್ಚು ತಿರುವಿಲ್ಲದೆ ಇಳಿಸಬೇಕು. ಕೇಳದಿದ್ದರೆ ಕ್ರಮ ಮೂರೇ: ಕ್ಯಾನಪಿ ಕಳಚು, ಬೆಲ್ಟ್ ಬಿಚ್ಚು, ಹೊರಗೆ ಹಾರು. ಇಷ್ಟಕ್ಕೆ ಕೆಲವು ನೂರು ಮೀಟರ್ ಎತ್ತರ ಬೇಕು, ಗುಡ್ಡದ ಎದುರು ಅದು ಇರುವುದು ಅಪರೂಪ. ಬೆನ್ನಿಗೆ ಪ್ಯಾರಾಚೂಟ್ ಇದೆ ಎಂಬ ಧೈರ್ಯ ಗುಡ್ಡದ ಹಾರಾಟದಲ್ಲಿ ಬಹಳ ಮಟ್ಟಿಗೆ ಹುಸಿ. ಪ್ಯಾರಾಗ್ಲೈಡರ್‌ಗಳಲ್ಲಿ ಸಾಮಾನ್ಯವಾಗಿ ಆಗುವುದು ದಾರಗಳ ತೊಡರಾಟ. ಬಿಡಿಸಿಕೊಳ್ಳಲು ನೋಡುತ್ತಾ ಕಳೆಯುವ ಪ್ರತಿ ಸೆಕೆಂಡಿಗೂ ಎತ್ತರ ಹೋಗುತ್ತಿರುತ್ತದೆ, ರಿಸರ್ವ್, ಅಂದರೆ ತುರ್ತು ಪ್ಯಾರಾಚೂಟ್, ಅರಳಲು ಐವತ್ತು ಅರವತ್ತು ಮೀಟರ್ ಬೇಕು. ಅದರ ಹಿಡಿಯನ್ನು ನೋಡಿ, ಗಟ್ಟಿಯಾಗಿ ಹಿಡಿದು, ಎಳೆದು, ಖಾಲಿ ಗಾಳಿ ಇರುವ ಕಡೆಗೆ ಬಲವಾಗಿ ಎಸೆಯಬೇಕು. ಅದು ಅರಳಿದ ಮೇಲೆ ಮುಖ್ಯ ರೆಕ್ಕೆಯನ್ನು ದಾರ ಹಿಡಿದು ಒಳಕ್ಕೆ ಎಳೆದುಕೊಳ್ಳಬೇಕು, ಇಲ್ಲವಾದರೆ ಎರಡೂ ಒಂದಕ್ಕೊಂದು ವಿರುದ್ಧ ಎಳೆದಾಡಿ ಇಳಿಯುವ ವೇಗ ಹೆಚ್ಚುತ್ತದೆ. ನೆಲ ಮುಟ್ಟುವಾಗ ಕಾಲು ಜೋಡಿಸಿ, ಮಂಡಿ ತುಸು ಬಾಗಿಸಿ, ಉರುಳಲು ಸಿದ್ಧರಿರಿ.

ಗಾಬರಿಯಲ್ಲಿ ಕೈ ಹುಡುಕುವುದು ಹಿಡಿ ಇರುವ ಜಾಗವನ್ನಲ್ಲ, ಅಭ್ಯಾಸವಿರುವ ಜಾಗವನ್ನು. ಬಾಡಿಗೆ ಹಾರ್ನೆಸ್‌ಗಳಲ್ಲಿ ಹಿಡಿ ಒಂದರಲ್ಲಿ ಬಲಸೊಂಟಕ್ಕೆ, ಇನ್ನೊಂದರಲ್ಲಿ ಎದೆಯ ಮುಂದೆ. ಟೇಕಾಫ್‌ಗೆ ನಿಲ್ಲುವ ಮುಂಚೆ ಎರಡು ಸಲ, ಗಾಳಿಗೆ ಬಂದು ಕುಳಿತ ಮೇಲೆ ಒಂದು ಸಲ, ಕಣ್ಣು ಹೊರಗಿಟ್ಟುಕೊಂಡೇ ಕೈಯಿಂದ ಅದನ್ನು ಮುಟ್ಟಿ ನೋಡಿ. ರಿಸರ್ವನ್ನು ಕೊನೆಯ ಸಲ ಬಿಚ್ಚಿ ಮಡಚಿದ್ದು ಯಾವಾಗ ಎಂದು ಬಾಡಿಗೆ ಕೊಟ್ಟವರನ್ನು ಕೇಳಿ. ವರ್ಷ ದಾಟಿದ್ದರೆ ಆ ಹಾರ್ನೆಸ್ ಹಾಕಿಕೊಂಡು ಗುಡ್ಡ ಬಿಡಬೇಡಿ.